ಕೆರೆಯ ನೀರಿನ ಆಯವ್ಯಯವೂ ಗಣಕಯಂತ್ರವೂ
ಕೆರೆ ಕೋಡಿಬಿದ್ದ ವರ್ಷ ಹೆಚ್ಚು ಬತ್ತ ನಾಟಿಮಾಡಿ, ತೆನೆ ಹಾಲುಗಟ್ಟುವ ಕಾಲದಲ್ಲಿ ನೀರಿಲ್ಲದೆ ಪೈರನ್ನು ಕಳೆದುಕೊಳ್ಳುವುದು ಅನೇಕ ಗ್ರಾಮಗಳ ಅನುಭವವು. ಇಂತಹ ಏರಿಳಿತಗಳನ್ನು ಮುಂಚಿತವಾಗಿ ಗಣಿಸುವ ‘ಸಿಸ್ಟಂ ಡೈನಮಿಕ್ಸ್’ ಎಂಬ ಕ್ರಮವನ್ನು ಅಮೆರಿಕಾದ ಜೇ ಫಾರೆಸ್ಟರ್ ಎಂಬವರು 1950ರ ದಶಕದಲ್ಲಿ ಕಾರ್ಖಾನೆಗಳಿಗಾಗಿ ರೂಪಿಸಿದರು. ಕೆರೆಗೂ ಅದು ಸಲ್ಲುವುದು.

ಇದಕ್ಕೆ ಬೇಕಾದ ವೆನ್‌ಸಿಮ್ ಪಿ.ಎಲ್.ಇ. ಎಂಬ ತಂತ್ರಾಂಶವು ಸ್ವಂತ ಕಲಿಕೆಗೆ ಉಚಿತವಾಗಿ ದೊರೆಯುತ್ತದೆ. ಮೊದಲು ಒಂದು ಚೌಕವನ್ನು ಬರೆಯತಕ್ಕದ್ದು. ಇದು ಕೆರೆಯಲ್ಲಿ ನಿಂತ ನೀರು. ಒಳಬರುವ ಬಾಣವು ಮಳೆಯ ನೀರು. ಹೊರಹೋಗುವವು ತೂಬಿನ ನೀರು, ಆವಿ ಮತ್ತು ಇಂಗುವಿಕೆ. ಅನಂತರ ಪ್ರತಿಯೊಂದಕ್ಕೂ ತಿಂಗಳವಾರು ಅಂಕೆಗಳನ್ನು ಕೊಡತಕ್ಕದ್ದು.

ದೃಷ್ಟಾಂತವಾಗಿ, ಮಳೆ ನಿಂತಾಗ ಕೆರೆಯಲ್ಲಿ 100 ಎಕರೆ-ಅಡಿ ನೀರಿದ್ದು, ತಿಂಗಳಿಗೆ ತೂಬಿನಿಂದ 20, ಆವಿ ಇಂಗುವಿಕೆಗಳಿಂದ 10 ವೆಚ್ಚವಾದರೆ, ಮೂರು ತಿಂಗಳ ಮೇಲೆ 10 ಉಳಿಯುವುದು. ನಾಟಿಯನ್ನು ಒಂದೂವರೆಪಟ್ಟು ಮಾಡಿದರೆ ತೂಬಿನ ವೆಚ್ಚ 30 ಆಗಿ, ಎರಡು ತಿಂಗಳಿಗೇ 20 ಮಾತ್ರ ಉಳಿದು, ಮೂರನೆಯ ತಿಂಗಳು ಪೈರು ಒಣಗುವುದು. ನೀರು ತಗ್ಗಿದಂತೆ ಆವಿಯೂ ತಗ್ಗುವುದು. ಇಂತಹ ಪರಸ್ಪರ ಸಂಬಂಧಗಳನ್ನೂ ಯಂತ್ರವು ಗಣಿಸಬಲ್ಲುದು.

ಕಳೆದ ವರ್ಷದ ನೀರಿನ ಮಟ್ಟಗಳೊಂದಿಗೆ ತಾಳೆನೋಡಿದ ಮೇಲೆಯೇ ಈ ಲೆಕ್ಕವನ್ನು ನಂಬಿ ನಾಟಿಯ ವಿಸ್ತೀರ್ಣವನ್ನು ನಿಶ್ಚಯಿಸುವುದು ಯುಕ್ತವು.