ನಿಮಗಿದು ಗೊತ್ತೆ? ಗದುಗಿನಲ್ಲಿ ಯಾವ ‘ಪ್ರೆಸ್’?

ಗದಗ-ಬೆಟಗೇರಿಯಲ್ಲಿ ಯಾರಾದರೂ ‘ಪ್ರೆಸ್‌ನಾಗ ಕೆಲಸ ಮಾಡ್ತೇನ್ರಿ’ ಎಂದರೆ, ಯಾವ ಪ್ರೆಸ್ ಎಂದು ಕೇಳಲೇಬೇಕು.

ಒಂದು ಹತ್ತಿ ಪ್ರೆಸ್. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎರಿ ಹೊಲಗಳ ಹತ್ತಿ ಜಿನ್ನಿಂಗ್‌ನಲ್ಲಿ ಬೀಜ ಬೇರ್ಪಟ್ಟು ಅರಳೆಯಾಗುತ್ತದೆ. ಆ ಸಡಿಲ ಅರಳೆಯನ್ನು ಒತ್ತಿ ಬಿಗಿದರೆ ಬೇಲ್. ನಮ್ಮ ದೇಶದಲ್ಲಿ ಒಂದು ಬೇಲಿನ ಲೆಕ್ಕ 170 ಕಿಲೊ. 1880ರ ದಶಕದಲ್ಲಿ ಗದುಗಿಗೆ ರೈಲು ಬಂತು. ಒತ್ತದ ಹತ್ತಿ ವ್ಯಾಗನ್‌ನಲ್ಲಿ ವೃಥಾ ಜಾಗ ತಿನ್ನುವುದರಿಂದ, ದೂರದ ಗಿರಣಿಗಳಿಗೆ ಕಳಿಸಲು ಪ್ರೆಸ್ ಅನಿವಾರ್ಯ.

ಇನ್ನೊಂದು ಅಚ್ಚಿನ ಪ್ರೆಸ್. ಮುದ್ರಣ, ಪುಸ್ತಕ ಪ್ರಕಾಶನಗಳಿಗೆ ಗದಗ ಹೆಸರಾದ ಊರು. ಇಲ್ಲಿನ ಇಂಥದೇ ಮನೆತನದಿಂದ ಬಂದ ವಿಜಯ ಸಂಕೇಶ್ವರ 1976ರಲ್ಲಿ ಒಂದು ಲಾರಿಯಿಂದ ಸಾರಿಗೆ ಉದ್ಯಮ ಶುರುಮಾಡಿ, 1999ರಲ್ಲಿ ‘ವಿಜಯ ಕರ್ನಾಟಕ’ ಪತ್ರಿಕೆ ಹೊರತಂದರು. ಅಚ್ಚಿನ ಪ್ರೆಸ್ಸಿನ ಮನೆಯಿಂದ ಸುದ್ದಿಯ ಪ್ರೆಸ್ಸಿಗೆ ನಡೆದ ಈ ಪಯಣ ನಿಜಕ್ಕೂ ದೊಡ್ಡದು.

ಪತ್ರಕರ್ತರ ಬೈಕಿನ ಮೇಲಿನ ‘ಪ್ರೆಸ್’, ಬಟ್ಟೆಗೆ ಹಾಕುವ ಪ್ರೆಸ್, ಬೆಲ್ ಪ್ರೆಸ್ ಮಾಡುವುದು, ಎಲ್ಲಕ್ಕೂ ಮೂಲ ‘ಒತ್ತು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ. 15ನೇ ಶತಮಾನದಲ್ಲಿ ಗುಟೆನ್‌ಬರ್ಗ್ ಕಾಗದದ ಮೇಲೆ ಅಕ್ಷರ ಒತ್ತಿದ್ದು ದ್ರಾಕ್ಷಿ ಹಿಂಡುವಂಥ ತಿರುಪಿನ ಯಂತ್ರದಿಂದಲೇ.

ಬ್ರಿಟನ್ನಿನ ನೌಕಾಪಡೆಗೆ ಜನರನ್ನು ಬಲವಂತವಾಗಿ ಎಳೆದೊಯ್ಯುತ್ತಿದ್ದ ‘ಪ್ರೆಸ್ ಗ್ಯಾಂಗ್’ ಮಾತ್ರ ಬೇರೆ. ಅದು ಸೇನೆಗೆ ಸೇರುವವರಿಗೆ ಕೊಡುತ್ತಿದ್ದ ಮುಂಗಡ ಹಣದ ಹಳೆಯ ಹೆಸರು ‘ಪ್ರೆಸ್ಟ್’ನಿಂದ ಹುಟ್ಟಿದ್ದು.