ಬೈಕಿನ ಬದಲಾವಣೆ: ಮೊದಲು ನಿಲ್ಲಲಿ, ಆಮೇಲೆ ಓಡಲಿ



ಇವತ್ತು ನಿಮ್ಮೊಂದಿಗೆ ಮಾತನಾಡಲು ನಾನು ಆರಿಸಿಕೊಂಡಿರುವ ವಿಷಯ ಮೋಟಾರ್ ಬೈಕು. ಅದರಲ್ಲೂ ನಮ್ಮ ಹುಡುಗರು ಆಸೆಪಟ್ಟು ಕೊಳ್ಳುವ ಸ್ಪೋರ್ಟ್ ಬೈಕು. ಬೈಕು ಮನೆಗೆ ಬಂದು ಆರು ತಿಂಗಳು ಆಗಿರುವುದಿಲ್ಲ, ಅಷ್ಟರಲ್ಲಿ ಅದರ ಸೈಲೆನ್ಸರ್ ಬದಲಾಗಿರುತ್ತದೆ, ಹಿಂದಿನ ಟೈರು ದಪ್ಪವಾಗಿರುತ್ತದೆ, ಕನ್ನಡಿಗಳು ಮಾಯವಾಗಿರುತ್ತವೆ. ಕೇಳಿದರೆ, "ಪಿಕಪ್ ಬರಬೇಕಲ್ಲ" ಎನ್ನುತ್ತಾರೆ. ಬದಲಾವಣೆಯೇ ತಪ್ಪು ಎಂದು ಹೇಳಲು ನಾನು ಬಂದಿಲ್ಲ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ, ಯಾವುದು ಬೇಡವೇ ಬೇಡ ಎನ್ನುವ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದವನಿಗೆ ಯಾವ ವಿಷಯವೂ ಕೊನೆಗೆ ಲೆಕ್ಕವಾಗಿಯೇ ಕಾಣುತ್ತದೆ.

ಮೊದಲು ಒಂದು ಹಳೆಯ ಬೈಕನ್ನು ನೆನಪಿಸಿಕೊಳ್ಳೋಣ. ಯಮಹಾ ಆರ್‌ಎಕ್ಸ್ 100 ನಮ್ಮ ದೇಶದಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಎಂಜಿನ್ 98 ಸಿಸಿ, ಶಕ್ತಿ 11 ಅಶ್ವಶಕ್ತಿ. ಇಷ್ಟು ಸಣ್ಣ ಎಂಜಿನ್ನಿನ ಬೈಕು ಅಷ್ಟು ಚುರುಕಾಗಿ ಓಡುತ್ತಿದ್ದುದು ಹೇಗೆ? ಅದು ಟೂ ಸ್ಟ್ರೋಕ್ ಎಂಜಿನ್, ಜೊತೆಗೆ ಬೈಕು ಹಗುರ. ಎಳೆಯಬೇಕಾದ ಭಾರ ಕಡಿಮೆ ಇದ್ದರೆ ಸಣ್ಣ ಎತ್ತೂ ಓಡುತ್ತದೆ. ಆಮೇಲೆ ಫೋರ್ ಸ್ಟ್ರೋಕ್ ಬೈಕುಗಳ ಕಾಲ ಬಂತು. 1999ರಲ್ಲಿ ಸಿಬಿಜಡ್, 2001ರಲ್ಲಿ ಪಲ್ಸರ್, 2008ರಲ್ಲಿ ಯಮಹಾದ ಆರ್15 ಬಂದವು. ಆರ್15ರ ರೂಪ ರೇಸಿನ ಬೈಕಿನದು. ಹ್ಯಾಂಡಲ್ ಕೆಳಗೆ, ಕಾಲಿಡುವ ಜಾಗ ಹಿಂದಕ್ಕೆ, ಸವಾರ ಮುಂದಕ್ಕೆ ಬಾಗಿ ಕೂರಬೇಕು. ಈಗ ಬೆನ್ನು ನೋವು, ಮಣಿಕಟ್ಟು ನೋವು ಎಂದು ಹುಡುಗರು ಹೇಳುವುದಕ್ಕೆ ಈ ರೂಪವೇ ಕಾರಣ.

ಇನ್ನು ವೇಗದ ವಿಷಯ. ಬೈಕು ಜೋರಾಗಿ ಹೋದಷ್ಟೂ ಎದುರುಗಾಳಿ ಅದನ್ನು ತಡೆಯುತ್ತದೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟು. ಆ ತಡೆಯನ್ನು ಮೀರಲು ಬೇಕಾದ ಶಕ್ತಿ ಎಂಟರಷ್ಟು. ಗಂಟೆಗೆ 100 ಕಿಲೋಮೀಟರ್ ಓಡುವ ಬೈಕು 110 ಓಡಬೇಕಾದರೆ ಎಂಜಿನ್ ಶಕ್ತಿ ಸುಮಾರು ಮೂರನೆಯ ಒಂದು ಭಾಗ ಹೆಚ್ಚಬೇಕು. ಸೈಲೆನ್ಸರ್ ಬದಲಿಸಿದರೆ, ಏರ್ ಫಿಲ್ಟರ್ ಬದಲಿಸಿದರೆ ಅಷ್ಟು ಶಕ್ತಿ ಬರುವುದಿಲ್ಲ. ಬರುವುದು ಸದ್ದು ಮಾತ್ರ. ಸದ್ದು ಹೆಚ್ಚಿದಾಗ ವೇಗವೂ ಹೆಚ್ಚಿತು ಎಂದು ಕಿವಿ ನಂಬಿಬಿಡುತ್ತದೆ.

ನಿಲ್ಲುವ ಲೆಕ್ಕ ಬೇರೆ. ಬ್ರೇಕ್ ಹಿಡಿದ ಮೇಲೆ ಬೈಕು ನಿಲ್ಲಲು ಬೇಕಾದ ದೂರ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ 40 ಇದ್ದಾಗ ಬೇಕಾಗುವ ದೂರಕ್ಕೆ ಹೋಲಿಸಿದರೆ 60ರಲ್ಲಿ ಅದರ ಎರಡೂಕಾಲು ಪಟ್ಟು ಬೇಕು, 80ರಲ್ಲಿ ನಾಲ್ಕು ಪಟ್ಟು. ಇದಕ್ಕೆ ಮುಂಚೆ, ಕಣ್ಣು ಕಂಡು ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡು ಬೇಕೆಂದಿಟ್ಟುಕೊಳ್ಳಿ. 60ರ ವೇಗದಲ್ಲಿ ಆ ಒಂದು ಸೆಕೆಂಡಿನಲ್ಲೇ ಬೈಕು ಸುಮಾರು 17 ಮೀಟರ್ ಹೋಗಿರುತ್ತದೆ. ಅಂದರೆ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು.

ನಮ್ಮ ಗಡಿನಾಡಿನ ರಸ್ತೆಗಳನ್ನು ನೀವೇ ಬಲ್ಲಿರಿ. ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯಲ್ಲಿ 27 ತಿರುವುಗಳು. ಅದು ಹುಲಿ ಸಂರಕ್ಷಿತ ಕಾಡು, ತಿರುವಿನಲ್ಲಿ ಆನೆ ನಿಂತಿರಬಹುದು. ವಯನಾಡಿನಿಂದ ಕೋಳಿಕ್ಕೋಡಿಗೆ ಇಳಿಯುವ ತಾಮರಶ್ಶೇರಿ ಚುರದಲ್ಲಿ ಒಂಬತ್ತು ತಿರುವು. ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಹಂಗಾಮಿನಲ್ಲಿ ದೀಪವಿಲ್ಲದ ಕಬ್ಬಿನ ಗಾಡಿ ಕತ್ತಲಲ್ಲಿ ಎದುರಾಗುತ್ತದೆ. ಇಂಥ ಕಡೆ ಜೀವ ಉಳಿಸುವುದು ಐದು ಕಿಲೋಮೀಟರ್ ಹೆಚ್ಚಿನ ವೇಗವಲ್ಲ, ಐದು ಮೀಟರ್ ಮುಂಚೆ ನಿಲ್ಲುವ ಬೈಕು. ಆದ್ದರಿಂದ ಖರ್ಚು ಮಾಡುವುದಾದರೆ ನೆಲದಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಎಂಜಿನ್ ಕೊನೆಯಲ್ಲಿರಲಿ.

ಮೊದಲನೆಯದು ಟೈರು. ಬೈಕು ನೆಲವನ್ನು ಮುಟ್ಟುವುದು ಎರಡು ಅಂಗೈಯಷ್ಟು ಜಾಗದಲ್ಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2323 ಎಂದಿದ್ದರೆ 2023ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಕೊಳ್ಳುವಾಗ ಇದನ್ನು ಓದಿ. ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಹಿಡಿತದ ಟೈರು ಹಾಕಿಸಿದರೆ ಅದೇ ದೊಡ್ಡ ಬದಲಾವಣೆ. ನೋಟಕ್ಕೆಂದು ತೀರ ದಪ್ಪ ಟೈರು ಹಾಕಿದರೆ ರಿಮ್ಮಿನ ಮೇಲೆ ಅದರ ಆಕಾರ ಕೆಡುತ್ತದೆ, ತಿರುವಿನಲ್ಲಿ ಬೈಕು ಬಾಗಲು ಒಲ್ಲೆ ಎನ್ನುತ್ತದೆ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಬ್ರೇಕ್ ಹಿಡಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಈ ಏರ್ಪಾಡು ಚಕ್ರ ಸುತ್ತುವ ವೇಗವನ್ನು ಅಳೆದು ಕೆಲಸ ಮಾಡುತ್ತದೆ. ಟೈರಿನ ಸುತ್ತಳತೆ ಬದಲಾದರೆ ಆ ಅಳತೆಯ ಲೆಕ್ಕವೂ ತಪ್ಪುತ್ತದೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ಅಳೆಸಿ. ಎಷ್ಟಿರಬೇಕೆಂದು ಬೈಕಿನ ಪುಸ್ತಕದಲ್ಲಿದೆ. ಹಿಂದೆ ಒಬ್ಬರು ಕೂರುವುದಾದರೆ ಬೇರೆ ಅಂಕಿ ಕೊಟ್ಟಿರುತ್ತಾರೆ.

ಎರಡನೆಯದು ಬ್ರೇಕು. ಡಿಸ್ಕ್ ಬ್ರೇಕಿನೊಳಗೆ ಒಂದು ದ್ರವ ಇರುತ್ತದೆ. ಅದು ಗಾಳಿಯ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದರೆ ಆ ನೀರಿನಂಶ ಕುದಿದು ಆವಿಯಾಗುತ್ತದೆ. ಆಗ ಲಿವರ್ ಹತ್ತಿಯಂತೆ ಮೆತ್ತಗಾಗಿ ಬ್ರೇಕು ಹಿಡಿಯುವುದೇ ಇಲ್ಲ. ಎರಡು ವರ್ಷಕ್ಕೊಮ್ಮೆ ಈ ದ್ರವ ಬದಲಿಸಿ. ಸೈಲೆನ್ಸರಿಗೆ ಕೊಡುವ ಹಣದ ಮುಂದೆ ಇದು ಏನೂ ಅಲ್ಲ. ಪ್ಯಾಡು ಸವೆದಿದ್ದರೆ ಒಳ್ಳೆಯ ಪ್ಯಾಡು ಹಾಕಿಸಿ. ಚೈನಿಗೆ ಎಣ್ಣೆ ಹೊಡೆಯುವಾಗ ಡಿಸ್ಕಿಗೆ ಒಂದು ಹನಿಯೂ ತಾಗಬಾರದು. ಇಳಿಜಾರಿನಲ್ಲಿ ಗೇರು ಇಳಿಸಿ, ಎಂಜಿನ್ನೇ ಬೈಕನ್ನು ತಡೆಯಲಿ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವವರು ತಮ್ಮ ಬ್ರೇಕನ್ನು ತಾವೇ ಸುಡುತ್ತಾರೆ.

ಮೂರನೆಯದು ಹಿಂದಿನ ಶಾಕ್ ಅಬ್ಸಾರ್ಬರ್. ಕುಳಿತಾಗ ಅದು ಸ್ವಲ್ಪ ಕುಸಿಯಬೇಕು, ಪೂರ್ತಿ ಕುಸಿಯಬಾರದು. ಅಳೆಯುವುದು ಸುಲಭ, ಇಬ್ಬರ ಸಹಾಯ ಬೇಕು. ಬೈಕಿನ ಹಿಂಭಾಗವನ್ನು ಎತ್ತಿ ಹಿಡಿದು ಚಕ್ರದ ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಟೇಪು ಹಿಡಿಯಿರಿ. ಆಮೇಲೆ ನೀವು ಕುಳಿತು ಮತ್ತೆ ಅಳೆಸಿ. ಎರಡರ ವ್ಯತ್ಯಾಸ ಚಕ್ರ ಮೇಲೆ ಕೆಳಗೆ ಚಲಿಸುವ ಒಟ್ಟು ದೂರದ ಸುಮಾರು ಮೂರನೆಯ ಒಂದು ಭಾಗ ಇರಬೇಕು. 120 ಮಿಲಿಮೀಟರ್ ಚಲಿಸುವ ಚಕ್ರವಾದರೆ ಸುಮಾರು 40 ಮಿಲಿಮೀಟರ್. ಹೆಚ್ಚು ಕುಸಿದರೆ ಸ್ಪ್ರಿಂಗನ್ನು ಒಂದು ಹಲ್ಲು ಬಿಗಿ ಮಾಡಿ, ಕಡಿಮೆಯಾದರೆ ಸಡಿಲಿಸಿ. ಖರ್ಚಿಲ್ಲದ ಈ ಒಂದು ಕೆಲಸದಿಂದ ಎಷ್ಟೋ ಬಾರಿ ಬೆನ್ನು ನೋವು ಅರ್ಧ ಇಳಿಯುತ್ತದೆ.

ನಾಲ್ಕನೆಯದು ಕೂರುವ ರೀತಿ. ಮಣಿಕಟ್ಟಿನ ಮೇಲೆ ಮೈಭಾರ ಹಾಕಬೇಡಿ. ಎರಡು ಮೊಣಕಾಲಿನಿಂದ ಟ್ಯಾಂಕನ್ನು ಹಿಡಿದು ಸೊಂಟದ ಬಲದಲ್ಲಿ ಕೂರಿ. ಬ್ರೇಕ್ ಮತ್ತು ಕ್ಲಚ್ ಲಿವರುಗಳು ನಿಮ್ಮ ಮುಂಗೈಯ ನೇರಕ್ಕೆ ಇಳಿಜಾರಾಗಿರಲಿ. ಸೀಟಿನ ಫೋಮ್ ಕುಸಿದಿದ್ದರೆ ಗಟ್ಟಿ ಫೋಮ್ ಹಾಕಿಸಿ. ಮೆತ್ತಗಿನ ಸೀಟು ಹತ್ತು ನಿಮಿಷ ಹಿತ, ಒಂದು ಗಂಟೆಗೆ ಶಿಕ್ಷೆ. ಹ್ಯಾಂಡಲನ್ನು ಒಂದಿಷ್ಟು ಎತ್ತರಿಸುವ ಸಾಮಾನು ಸಿಗುತ್ತದೆ. ಹಾಕಿಸಿದರೆ ಮರೆಯದೆ ಒಂದು ಪರೀಕ್ಷೆ ಮಾಡಿ. ಬೈಕನ್ನು ನಿಲ್ಲಿಸಿ, ಎಂಜಿನ್ ಶುರುವಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ. ಎಂಜಿನ್ ಸದ್ದು ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಬ್ರೇಕಿನ ಹೋಸೂ ಬಿಗಿಯಾಗಬಾರದು. ಇದನ್ನು ಸರಿಮಾಡದೆ ರಸ್ತೆಗೆ ಇಳಿಸಬೇಡಿ.

ಐದನೆಯದು ಚೈನು. ಸುಮಾರು 500 ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಾಕಿ. ಸಡಿಲವನ್ನು ಪುಸ್ತಕದಲ್ಲಿ ಹೇಳಿದಂತೆ ಇಡಿ, ಬಹಳ ಬೈಕುಗಳಲ್ಲಿ ಅದು 20ರಿಂದ 30 ಮಿಲಿಮೀಟರ್. "ಪಿಕಪ್" ಎನ್ನುವುದು ನಿಜವಾಗಿ ಇಲ್ಲಿದೆ. ಮುಂದಿನ ಹಲ್ಲುಗಾಲಿಗೆ 14 ಹಲ್ಲು, ಹಿಂದಿನದಕ್ಕೆ 42 ಇದ್ದರೆ ಅನುಪಾತ 3. ಹಿಂದೆ 45 ಹಾಕಿದರೆ ಎಳೆತ ನೂರಕ್ಕೆ 7ರಷ್ಟು ಹೆಚ್ಚುತ್ತದೆ, ಎಂಜಿನ್ ಅಷ್ಟೇ ಸುತ್ತಿದಾಗ ಓಟ ಅಷ್ಟೇ ಇಳಿಯುತ್ತದೆ. ಏರು ಹತ್ತಲು ಒಳ್ಳೆಯದು, ಹೆದ್ದಾರಿಯಲ್ಲಿ ಎಂಜಿನ್ ಕಿರುಚುತ್ತದೆ. ಒಂದು ಖಾತೆಗೆ ಜಮೆ ಆದದ್ದು ಇನ್ನೊಂದು ಖಾತೆಯಿಂದ ಖರ್ಚು ಬಿದ್ದೇ ಇರುತ್ತದೆ.

ಈಗ ಸೈಲೆನ್ಸರಿಗೆ ಬರೋಣ. ಅದು ಬರೀ ಸದ್ದಡಗಿಸುವ ಡಬ್ಬಿಯಲ್ಲ. ಆರ್‌ಎಕ್ಸ್ 100ರಂಥ ಟೂ ಸ್ಟ್ರೋಕ್ ಬೈಕಿನಲ್ಲಿ ಹೊರಹೋಗುವ ಹೊಗೆಯ ಒತ್ತಡದ ಅಲೆ ಕೊಳವೆಯಲ್ಲಿ ಬಡಿದು ಹಿಂದಿರುಗಿ, ಜೊತೆಯಲ್ಲಿ ಹೊರನುಗ್ಗಿದ ಹಸಿ ಪೆಟ್ರೋಲನ್ನು ಮತ್ತೆ ಎಂಜಿನ್ನಿಗೆ ತಳ್ಳುತ್ತದೆ. ಕೊಳವೆಯನ್ನು ಕೊಯ್ದರೆ ಆ ಬಲ ಹೋಗುತ್ತದೆ. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್ 6 ಬೈಕುಗಳಲ್ಲಿ ಹೊಗೆ ಶುದ್ಧಿಮಾಡುವ ಭಾಗವೂ, ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಸೆನ್ಸರೂ ಆ ಕೊಳವೆಯ ದಾರಿಯಲ್ಲೇ ಇವೆ. ಅವನ್ನು ಕಿತ್ತರೆ ಪೆಟ್ರೋಲಿನ ಲೆಕ್ಕ ಕೆಡುತ್ತದೆ, ಹೊಗೆ ಪರೀಕ್ಷೆಯಲ್ಲಿ ಬೈಕು ನಪಾಸಾಗುತ್ತದೆ. ಊರಿನ ಮಗು, ಮುದುಕರು, ಕೊಟ್ಟಿಗೆಯ ದನ ಬೆಚ್ಚಿಬೀಳುವುದು ಬೇರೆ.

ಕೊನೆಯದು ಕಾನೂನು ಮತ್ತು ಕಾಗದಪತ್ರ. ಆರ್‌ಸಿಯಲ್ಲಿ ಬರೆದ ವಿವರಗಳು ಕಂಪನಿಯ ಮೂಲ ಅಳತೆಗಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎಂದು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ ದಂಡ 10,000ದವರೆಗೆ ಹೋಗಬಹುದು, ಲೈಸೆನ್ಸಿಗೂ ಮೂರು ತಿಂಗಳು ತಡೆ ಬೀಳಬಹುದು. ನಾನು ಹೇಳಿದ ಟೈರು, ದ್ರವ, ಪ್ಯಾಡು, ಸ್ಪ್ರಿಂಗು, ಫೋಮಿನ ಕೆಲಸಗಳು ದುರಸ್ತಿ ಮತ್ತು ಹೊಂದಿಸುವಿಕೆ. ಹ್ಯಾಂಡಲು ಎತ್ತರಿಸುವ, ಹಲ್ಲುಗಾಲಿ ಬದಲಿಸುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಿ.

ಗಡಿಯವರಿಗೆ ಇನ್ನೊಂದು ಮಾತಿದೆ. ಆಚೆ ರಾಜ್ಯದಲ್ಲಿ ಹಳೆಯ ಬೈಕು ಕೊಂಡು ಈಚೆ ರಾಜ್ಯದಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರು ಮಾಡಿಸಬೇಕು. ಅದಕ್ಕೆ ಮೊದಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. ಪರೀಕ್ಷೆಗೆ ಬೈಕು ತಂದು ನಿಲ್ಲಿಸಿದಾಗ ಕೊಯ್ದ ಸೈಲೆನ್ಸರು, ಬದಲಾದ ಬಣ್ಣ ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಸಾಲದ ಕರಾರಿನ ಸಣ್ಣ ಅಕ್ಷರಗಳನ್ನೂ ಓದಿ. ಸಾಲ ತೀರುವವರೆಗೆ ಬೈಕು ಬ್ಯಾಂಕಿಗೆ ಆಧಾರ, ಅದರ ರೂಪ ಬದಲಿಸುವ ಮುಂಚೆ ಬ್ಯಾಂಕಿಗೆ ತಿಳಿಸಬೇಕು. ವಿಮೆಯವರಿಗೂ ತಿಳಿಸಬೇಕು. ತಿಳಿಸದಿದ್ದರೆ ಅಪಘಾತದ ದಿನ ಹಣ ಕೊಡದಿರಲು ಅವರಿಗೆ ಒಂದು ಕಾರಣ ಸಿಗುತ್ತದೆ. ಬೈಕೂ ಇಲ್ಲ, ಹಣವೂ ಇಲ್ಲ, ಕಂತು ಮಾತ್ರ ತಿಂಗಳು ತಿಂಗಳು ತಪ್ಪದು. ಅದನ್ನು ಕಟ್ಟುವವರು ಸಾಮಾನ್ಯವಾಗಿ ಅಪ್ಪ, ಅಮ್ಮ.

ಯುವಕರೇ, ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಹಣ ಇದ್ದರೆ ಮೊದಲು ಟೈರು, ಆಮೇಲೆ ಬ್ರೇಕು, ಆಮೇಲೆ ಶಾಕ್, ಆಮೇಲೆ ಸೀಟು, ಚೈನು. ಇಷ್ಟು ಮಾಡಿ ಒಮ್ಮೆ ಘಾಟಿ ಇಳಿದು ನೋಡಿ, ಬೈಕು ಹೊಸದಾದಂತೆ ಅನಿಸುತ್ತದೆ. ಹಣ ಉಳಿದರೆ ಐಎಸ್ಐ ಗುರುತಿನ ಒಳ್ಳೆಯ ಹೆಲ್ಮೆಟ್ ಕೊಳ್ಳಿ, ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿಯಿರಿ. ತಂದೆ ತಾಯಿಗಳೇ, ಮಗ ಸೈಲೆನ್ಸರಿಗೆ ಹಣ ಕೇಳಿದಾಗ ಸುಮ್ಮನೆ ಬೈಯಬೇಡಿ. "ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತಪ್ಪಾ?" ಎಂದು ಕೇಳಿ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಅವನು ಮೆಕ್ಯಾನಿಕ್ಕನ ಬಳಿ ಹೋದರೆ ನನ್ನ ಈ ಹದಿನೈದು ನಿಮಿಷದ ಮಾತು ಸಾರ್ಥಕ.