ನಷ್ಟಕ್ಕೆ ಮಾರಿದ ರೇಷ್ಮೆ

ಯಾರಾದ್ರೂ ಬೇಕಂತಲೇ ನಷ್ಟಕ್ಕೆ ರೇಷ್ಮೆ ಮಾರ್ತಾರಾ?

ಮಾರ್ತಾರೆ!
ಎಮಿಲ್ ಜೋಲಾ ಅವರ 1883ರ ಫ್ರೆಂಚ್ ಕಾದಂಬರಿ,
‘ಓ ಬೊನರ್ ದೇ ದಾಮ್’ ನೋಡಿ.

ಪ್ಯಾರಿಸ್‌ನಲ್ಲಿ ಬೋದು ಅನ್ನೋ ಜವಳಿ ವ್ಯಾಪಾರಿ.
ಅಂಗಡಿ ಕತ್ತಲೆ, ಬಟ್ಟೆ ಗಟ್ಟಿ.
ಎದುರಿಗೇ ಮೂರೆ ಅನ್ನೋ ವ್ಯಾಪಾರಿಯ ಭಾರೀ ಮಳಿಗೆ.

ಅಲ್ಲಿನ ಅಗ್ಗದ ರೇಷ್ಮೆ,
ಗಾಳಕ್ಕೆ ಸಿಕ್ಕಿಸಿದ ಎರೆಹುಳು.
ಅದಕ್ಕಂತ ಬಂದವರು
ಕೈಗವಸು, ಲೇಸು, ಏನೇನೋ ಹೊತ್ಕೊಂಡು ಹೋಗ್ತಾರೆ.
ಲಾಭ ಇರೋದು ಅಲ್ಲಿ!

ಬೋದು ಸೋಲ್ತಾ ಹೋಗ್ತಾನೆ.
ಊರಾಚೆಯ ಮನೆಯನ್ನೂ ಮಾರ್ತಾನೆ.
ಕೊಂಡವನು ಯಾರು ಗೊತ್ತಾ?
ಅದೇ ಮಳಿಗೆಯ ಕ್ಯಾಷಿಯರ್!
ಸಾಲದ್ದಕ್ಕೆ, ಸ್ವಂತ ಸಹೋದರನ ಮಗಳು ದೆನೀಸ್ ಕೆಲಸಕ್ಕೆ ಸೇರಿದ್ದೂ ಅಲ್ಲೇ.

ಜೋಲಾಗೆ ಬೋದು ಮೇಲೆ ಮರುಕ ಇದೆ.
ಆದ್ರೂ ಗೆಲ್ಲಿಸೋದು ಮೂರೆಯನ್ನೇ.

ಮುಂದಿನ ಸಲ ‘ಆಫರ್’ ಬೋರ್ಡ್ ಕಂಡ್ರೆ,
ಪಕ್ಕದ ರ‍್ಯಾಕಿನ ಬೆಲೆನೂ ನೋಡಿ.